ಒರೆಸುವ ಬಟ್ಟೆಯ ಗಂಗಮ್ಮ

ನನ್ನ ಮೊಮ್ಮಗಳು ಪವಿತ್ರ ಇವತ್ತು ಬೆಳಿಗ್ಗೆ ಪೀಣ್ಯದಲ್ಲಿ ತನ್ನ ಸ್ವಂತ ಶೆಡ್ಡಿನ ಬಾಗಿಲು ತೆಗೆದಳು! ಮೊದಲು ಇದನ್ನು ಹೇಳಿಬಿಡುತ್ತೇನೆ, ಮಿಕ್ಕಿದ್ದು ಆಮೇಲೆ. ಹಾಲು ಉಕ್ಕಿತು, ಅದೂ ಮೂಡಣ ದಿಕ್ಕಿಗೇ ಉಕ್ಕಿತು. ಹೊಟ್ಟೆಯಲ್ಲಿ ಕೂಸು ಬೇರೆ ಕಾಲಾಡಿಸುತ್ತಿದೆಯಂತೆ. ಒಂದೇ ವರ್ಷದಲ್ಲಿ ದೇವರು ಎರಡೂ ಕೈಯಲ್ಲಿ ಕೊಟ್ಟುಬಿಟ್ಟ. ಬಾಗಿಲ ಮೇಲಿನ ಬೋರ್ಡಿನಲ್ಲಿ ಅವಳ ಹೆಸರು ಬರೆಸಿದ್ದಾರೆ. ಕೂಡಿಸಿಕೊಂಡು ಓದುವಷ್ಟು ಅಕ್ಷರ ನನಗೆ ಬರುತ್ತದೆ. ಓದಿದೆ, ಸಾಲದೆಂದು ಮತ್ತೊಮ್ಮೆ ಓದಿದೆ, ಪಕ್ಕದಲ್ಲಿ ನಿಂತಿದ್ದ ಗುರುತಿಲ್ಲದವರನ್ನೂ ಕರೆದು ತೋರಿಸಿದೆ. ಸಕ್ಕರೆ ಕಾಯಿಲೆ ಇರುವುದನ್ನು ಮರೆತು ಕೇಸರಿಬಾತನ್ನು ಎರಡನೇ ಸಲ ಹಾಕಿಸಿಕೊಂಡೆ. ನನ್ನ ಮಗ ಕಣ್ಣು ಬಿಟ್ಟ. 'ಇವತ್ತೊಂದು ದಿವಸ ಸುಮ್ನಿರೋ' ಅಂದೆ.

ಪವಿತ್ರ ಮಾಡುವುದು ಒರೆಸುವ ಬಟ್ಟೆ. ಗಾರ್ಮೆಂಟ್ ಕಾರ್ಖಾನೆಗಳಲ್ಲಿ ಕತ್ತರಿಸಿ ಮಿಕ್ಕ ತುಂಡುಗಳನ್ನು ತಂದು, ಆರಿಸಿ, ತೊಳೆದು, ಕಟ್ಟು ಕಟ್ಟಿ, ಮೆಷಿನ್ನು ಓಡಿಸುವವರಿಗೆ ಎಣ್ಣೆ ಜಿಡ್ಡು ಒರೆಸಲು ಕೊಡುವ ಕೆಲಸ. ಇಷ್ಟು ದಿನ ಮನೆಯ ತಾರಸಿಯ ಮೇಲೆ ಮಾಡುತ್ತಿದ್ದಳು. ಇವತ್ತು ಶೆಡ್ಡಿನ ಶಟರ್ ಮೇಲಕ್ಕೆ ಹೋದದ್ದೇ ತಡ, ಒಳಗೆ ಪೇರಿಸಿಟ್ಟ ಮೂಟೆಗಳಿಂದ ಹೊಸ ಬಟ್ಟೆಯ ಗಂಜಿಯ ವಾಸನೆ ಮುಖಕ್ಕೆ ಬಂದು ಬಡಿಯಿತು. ಸ್ವಲ್ಪ ಹುಳಿ, ಸ್ವಲ್ಪ ಸೀಮೆಎಣ್ಣೆ, ಮಳೆಗೆ ಮುಂಚೆ ಮಣ್ಣಿನಿಂದ ಏಳುವ ಬಿಸಿಯಂಥದೇನೋ ಒಂದು. ಅಲ್ಲೇ ಗೋಡೆ ಹಿಡಿದು ನಿಂತೆ. ಯಾರೋ 'ಅಜ್ಜಿಗೆ ಕುರ್ಚಿ ಕೊಡ್ರಪ್ಪಾ' ಅಂದರು. ನನಗೆ ಬೇಕಾದದ್ದು ಕುರ್ಚಿಯಲ್ಲ. ನನಗೆ ಆ ಹೊತ್ತಿನಲ್ಲಿ ನಮ್ಮ ದೊಡ್ಡಮ್ಮ ಬೇಕಾಗಿದ್ದಳು.

ಅವಳ ವಿಷಯಕ್ಕೆ ಹೋಗುವ ಮುಂಚೆ ಬೆಳಗಿನ ಇನ್ನೊಂದು ಮಾತು ಹೇಳಬೇಕು. ಬೂದುಗುಂಬಳ ಒಡೆಯುವ ಹೊತ್ತಿಗೆ ಪವಿತ್ರಳ ಅತ್ತೆ, ನಮ್ಮ ಬೀಗಿತ್ತಿ, 'ಬಸುರಿ ಹೆಂಗಸು ಕುಂಬಳಕಾಯಿ ಒಡೆಯೋ ಜಾಗದಲ್ಲಿ ನಿಲ್ಲಬಾರದಮ್ಮ, ಆ ಕಡೆ ಹೋಗು' ಅಂದು ಅವಳನ್ನು ರಸ್ತೆಯಾಚೆ, ಎದುರು ಶೆಡ್ಡಿನ ನೆರಳಿನಲ್ಲಿ, ಒಂದು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿದರು. ತಪ್ಪೇನಿಲ್ಲ, ನಮ್ಮಲ್ಲೂ ಹಾಗೇ. ಆದರೆ ಬಂದವರೆಲ್ಲ ಬಾಗಿಲಲ್ಲಿ ನಿಂತಿದ್ದ ಅವಳ ಗಂಡ ಹರೀಶನ ಕೈ ಕುಲುಕಿದರು. ಹರೀಶ ಬಂಗಾರದಂಥ ಹುಡುಗ, ಇಲ್ಲೇ ಒಂದು ಕಾರ್ಖಾನೆಯಲ್ಲಿ ಸೂಪರ್‌ವೈಸರು. ನನ್ನ ಕಾಲಿಗೆ ಬಿದ್ದು ಎದ್ದು ಹೇಳಿದ: 'ಅಜ್ಜಿ, ನೀವೇನೂ ಯೋಚ್ನೆ ಮಾಡ್ಬೇಡಿ. ಇನ್ಮೇಲೆ ಆರ್ಡರು, ಫೋನು, ಪಾರ್ಟಿಗಳು, ಎಲ್ಲಾ ನಾನೇ ನೋಡ್ಕೋತೀನಿ. ಇವಳು ಆರಾಮಾಗಿರ್ಲಿ.' ಎಂಥ ಒಳ್ಳೆಯ ಮಾತು! ಎಷ್ಟು ಮನೆಗಳಲ್ಲಿ ಹೆಣ್ಣುಮಕ್ಕಳು ಇಂಥ ಮಾತಿಗೆ ಕಾದು ಕಾದು ಕಣ್ಣು ಬತ್ತಿಸಿಕೊಂಡಿಲ್ಲ? ನಾನೂ ಅವನ ತಲೆ ಸವರಿದೆ. ಆದರೆ ಆ ಮಾತನ್ನು ನಾನು ಹಿಂದೆ ಕೇಳಿದ್ದೆ.

ನಾನು ಚಿಕ್ಕವಳಿದ್ದಾಗ ನಮ್ಮ ಮನೆ ಇದ್ದದ್ದು ದಾಸರಹಳ್ಳಿಯಲ್ಲಿ. ಈಗ ನೀವು ಮೆಟ್ರೋದಲ್ಲಿ ಕೂತು ಅದರ ತಲೆಯ ಮೇಲೆಯೇ ಹಾದುಹೋಗುತ್ತೀರಿ, ಕೆಳಗೆ ಏನಿತ್ತು ಅಂತ ಯಾರಿಗೆ ಗೊತ್ತಾಗಬೇಕು. ನಾಡಹೆಂಚಿನ ಮನೆ, ಮುಂದೆ ಉದ್ದನೆಯ ಜಗುಲಿ, ಹಿತ್ತಲಲ್ಲಿ ಹೊಂಗೆಮರ, ಮರದ ಬುಡದಲ್ಲಿ ಎಮ್ಮೆ ನೀರು ಕುಡಿಯುವ ಕಲ್ಲಿನ ತೊಟ್ಟಿ. ಹಿತ್ತಲಾಚೆ ರಾಗಿ ಹೊಲ. ಹೊಲದಾಚೆ ಒಂದೊಂದೇ ಶೀಟಿನ ಶೆಡ್ಡು ಏಳುತ್ತಿದ್ದ ಕಾಲ ಅದು. ಬೆಳಿಗ್ಗೆ ಕೋಳಿಯ ಕೂಗಿನ ಜೊತೆಗೇ ತಗಡು ಒತ್ತುವ ಪ್ರೆಸ್ಸು ಬಡಿಯುವ ಸದ್ದು ಢಬ್, ಢಬ್ ಅಂತ ಶುರುವಾಗುತ್ತಿತ್ತು. ನಮ್ಮವ್ವ ಆ ಸದ್ದು ಕೇಳಿದಾಗಲೆಲ್ಲ 'ನೆಲದೊಳಗೆ ಯಾರೋ ಬಾಗಿಲು ತಟ್ಟಿದಂಗೆ ಆಯ್ತದೆ' ಅನ್ನುತ್ತಿದ್ದಳು. ಮನೆಯಲ್ಲಿ ಇದ್ದದ್ದು ನಮ್ಮಪ್ಪ, ಅವ್ವ, ನಾನು, ಇನ್ನೂ ಮದುವೆಯಾಗದ ಚಿಕ್ಕಪ್ಪ ರೇವಣ್ಣ, ಮತ್ತೆ ನಮ್ಮಪ್ಪನ ಅಣ್ಣನ ಹೆಂಡತಿ ಗಂಗಮ್ಮ, ನಮ್ಮ ದೊಡ್ಡಮ್ಮ. ದೊಡ್ಡಪ್ಪ ಯಾವುದೋ ಜ್ವರದಲ್ಲಿ ಹೋಗಿಬಿಟ್ಟಿದ್ದ. ಮಕ್ಕಳಿರಲಿಲ್ಲ. ತವರಿನವರು ಕರೆಯಲು ಬಂದಾಗ 'ಅಲ್ಲೋದ್ರೂ ಮೂಲೆ, ಇಲ್ಲಿದ್ರೂ ಮೂಲೆ, ಗೊತ್ತಿರೋ ಮೂಲೇನೇ ವಾಸಿ' ಅಂದು ನಕ್ಕು ಉಳಿದುಕೊಂಡಳಂತೆ.

ಆದರೆ ಅವಳು ಮೂಲೆಯಲ್ಲಿ ಕೂರುವ ಜಾತಿಯಲ್ಲ. ಒಂದು ದಿನ ಹೊಲದಾಚೆಯ ಪಾಲಿಶ್ ಶೆಡ್ಡಿನ ಮೇಸ್ತ್ರಿ ನೀರು ಕೇಳಿಕೊಂಡು ಬಂದವನು, ಕೈಯೆಲ್ಲ ಗ್ರೀಸು, ಒರೆಸಿಕೊಳ್ಳಲು ಒಂದು ತುಂಡು ಬಟ್ಟೆ ಬೇಡಿದ. ದೊಡ್ಡಮ್ಮ ತನ್ನ ಹಳೆಯ ಸೀರೆಯ ಸೆರಗು ಹರಿದು ಕೊಟ್ಟಳು. ಮಾರನೆಯ ದಿನ ಅವನು ಇನ್ನೊಂದು ತುಂಡಿಗೆ ಬಂದ. ಆಮೇಲೆ ಪಕ್ಕದ ಶೆಡ್ಡಿನವನೂ ಬಂದ. ಅಷ್ಟು ಸಾಕಾಯಿತು ಅವಳಿಗೆ. ಪೇಟೆಯ ಬಟ್ಟೆ ಕಾರ್ಖಾನೆಯವರು ಕತ್ತರಿಸಿ ಬಿಸಾಕುವ ತುಂಡುಗಳನ್ನು ಮೂಟೆಯಲ್ಲಿ ತರಿಸಿ ಜಗುಲಿಗೆ ಸುರುವಿಸಿದಳು. ಕೇರಿಯ ಹೆಂಗಸರು ಬಂದು ಕೂತರು. ಆ ಜಗುಲಿ ಹೇಗಿತ್ತೆಂದರೆ, ಕೆಂಪು, ಹಳದಿ, ಗಿಳಿಹಸಿರು, ಹೂವಿನ ಚಿತ್ರ, ಗೆರೆಯ ಚಿತ್ರ, ಸಂತೆಯನ್ನೆಲ್ಲ ಯಾರೋ ಕತ್ತರಿಸಿ ಗುಡ್ಡೆ ಹಾಕಿದ ಹಾಗೆ. ನಾನು ಸ್ಕೂಲಿನಿಂದ ಬಂದವಳೇ ಅದರೊಳಕ್ಕೆ ಬೀಳುತ್ತಿದ್ದೆ. ಬೆಚ್ಚಗೆ ಇರುತ್ತಿತ್ತು.

ಅವಳ ಕೆಲಸದ ರೀತಿ ಹೇಳಿದರೆ ನಿಮಗೆ ನಗು ಬರಬಹುದು. ಪ್ರತಿ ತುಂಡನ್ನೂ ಕೆನ್ನೆಗೆ ಒತ್ತಿ ನೋಡುತ್ತಿದ್ದಳು. ನೂಲಿನ ಬಟ್ಟೆಯಾದರೆ ಕೆನ್ನೆ ತಣ್ಣಗಾಗುತ್ತದೆ, ನೈಲಾನಾದರೆ ಜಾರುತ್ತದೆ. ಜಾರಿದ್ದೆಲ್ಲ ಆಚೆಗೆ, ಯಾಕೆಂದರೆ ನೈಲಾನು ಎಣ್ಣೆ ಕುಡಿಯುವುದಿಲ್ಲ. ಗುಂಡಿ, ಕೊಕ್ಕೆ, ಗುಂಡುಪಿನ್ನು ಒಂದೂ ಉಳಿಯಬಾರದು. ಪಾಲಿಶ್ ಮಾಡಿದ ಕಬ್ಬಿಣದ ಮೇಲೆ ಗೀರು ಬಿದ್ದರೆ ಆ ಸಾಮಾನು ತಿಪ್ಪೆಗೆ. ಆಮೇಲೆ ಹಂಡೆಯ ಬಿಸಿನೀರನ್ನು ಕಲ್ಲಿನ ತೊಟ್ಟಿಗೆ ಸುರಿದು ಗಂಜಿ ಬಿಡುವ ತನಕ ತುಳಿಯುತ್ತಿದ್ದರು. ಎಮ್ಮೆ ದೂರ ನಿಂತು ತನ್ನ ತೊಟ್ಟಿಗೆ ಬಂದ ಗತಿ ನೋಡುತ್ತಿತ್ತು. ಹಿತ್ತಲ ಬೇಲಿಯ ತುಂಬ ಬಟ್ಟೆ ಒಣಗಿ ಹಾರಾಡಿದರೆ ತುಮಕೂರು ರಸ್ತೆಯ ಲಾರಿಯವರು ಯಾವುದೋ ಜಾತ್ರೆಯೆಂದುಕೊಳ್ಳುತ್ತಿದ್ದರು. ಕಟ್ಟು ಕಟ್ಟಿ, ತಲೆಯ ಮೇಲೆ ಹೊತ್ತು, ಶೆಡ್ಡಿನಿಂದ ಶೆಡ್ಡಿಗೆ ಅವಳೇ ಹೋಗುತ್ತಿದ್ದಳು. ನಾನು ಸೆರಗು ಹಿಡಿದು ಹಿಂದೆ. ಒಂದೊಂದು ಶೆಡ್ಡಿನಲ್ಲೂ ನಿಂತು ಮಾತಾಡಿ ಬೈಸಿಕೊಂಡೇ ಬರುತ್ತಿದ್ದಳು. 'ಏನ್ ಗಂಗಮ್ಮ, ಓದ್ಸಲ ದಪ್ಪ ಬಟ್ಟೆ ಆಕ್ಬಿಟ್ಟಿದ್ದೆ? ಒರ್ಸಿದ್ರೆ ಗೋಣಿಚೀಲದಲ್ಲಿ ಮುಖ ತೊಳೆದಂಗಾಯ್ತು' ಎಂದು ಪಾಲಿಶ್ ಮೇಸ್ತ್ರಿ ರೇಗಿದರೆ, 'ನಿನ್ನ ಮುಖಕ್ಕೆ ಗೋಣೀನೇ ಸರಿ, ಕಬ್ಬಿಣಕ್ಕೆ ಬೇರೆ ತತ್ತೀನಿ ಬಿಡು' ಅನ್ನುತ್ತಿದ್ದಳು. ಶೆಡ್ಡೆಲ್ಲ ನಗುತ್ತಿತ್ತು. ಮನೆಗೆ ಬಂದು ಅದೇ ಸಂಜೆ ಬನಿಯನ್ ಬಟ್ಟೆಯನ್ನು ಬೇರೆ ಗುಡ್ಡೆ ಮಾಡಿಸುತ್ತಿದ್ದಳು. ಆ ಬೈಗುಳಗಳೇ ಅವಳ ತಕ್ಕಡಿ ಎಂದು ಆಗ ನನಗಾಗಲಿ, ಮನೆಯಲ್ಲಿ ಬೇರೆ ಯಾರಿಗಾಗಲಿ ತಿಳಿಯಲಿಲ್ಲ.

ಆಯುಧಪೂಜೆ ಬಂತು. ಪೂಜೆಗೆ ಮುಂಚೆ ಮೆಷಿನ್ನುಗಳನ್ನೆಲ್ಲ ಒರೆಸಿ ಹೊಳಪು ತರುವುದರಿಂದ ಆ ವಾರ ಅವಳ ಬಟ್ಟೆಗೆ ಎಲ್ಲಿಲ್ಲದ ಬೇಡಿಕೆ. ಹೊಸ ಪ್ರೆಸ್ಸು ತಂದಿದ್ದ ಶೆಡ್ಡೊಂದರವರು ಮರೆತಿದ್ದು, ಪೂಜೆಯ ದಿನ ಬೆಳಿಗ್ಗೆ ಓಡಿಬಂದು 'ಬೇಗ ಒಂದು ಕಟ್ಟು ಕೊಡಿ' ಎಂದು ಹೇಳಿಹೋದರು. ದೊಡ್ಡಮ್ಮ ಹೊತ್ತುಕೊಂಡು ಹೊರಟಳು. ನಾವು ಬಾಗಿಲಿಗೆ ಹೋಗುವುದಕ್ಕೂ ಒಳಗೆ ಪ್ರೆಸ್ಸಿಗೆ ಮಂಗಳಾರತಿ ಎತ್ತುವುದಕ್ಕೂ ಸರಿಹೋಯಿತು. ಸಾಹುಕಾರನ ತಾಯಿ ತಿರುಗಿ ನೋಡಿದರು. ಬೈಯಲಿಲ್ಲ. ಬೈದಿದ್ದರೆ ದೊಡ್ಡಮ್ಮನೂ ಏನಾದರೂ ಅಂದು ನಗುತ್ತಿದ್ದಳೇನೋ. ಅವರು ದೊಡ್ಡಮ್ಮನ ಬರಿಯ ಹಣೆ ನೋಡಿ, ಸುಮ್ಮನೆ ಬಂದು ಅವಳಿಗೂ ಮೆಷಿನ್ನಿಗೂ ನಡುವೆ ಬೆನ್ನು ಮಾಡಿ ನಿಂತರು. ಆರತಿಯ ತಟ್ಟೆ ಎಲ್ಲರ ಮುಂದೆ ಬಂತು, ನನ್ನ ಮುಂದೆಯೂ ಬಂತು, ಅವಳನ್ನು ದಾಟಿಕೊಂಡು ಹೋಯಿತು. ಅವಳು ಕಟ್ಟನ್ನು ಹೊಸ್ತಿಲಾಚೆಯೇ ಇಳಿಸಿ, ನನ್ನ ಕೈ ಹಿಡಿದುಕೊಂಡು ವಾಪಸು ನಡೆದಳು. ಹಿಂದಿನಿಂದ ಆ ಪ್ರೆಸ್ಸು ಮೊದಲ ಸಲ ಬಡಿದ ಸದ್ದು ಕೇಳಿಸಿತು.

ಹಬ್ಬ ಕಳೆದ ಸ್ವಲ್ಪ ದಿನಕ್ಕೇ ಆ ಪ್ರೆಸ್ಸು ಒಬ್ಬ ಹುಡುಗನ ಬೆರಳುಗಳನ್ನು ತೆಗೆದುಕೊಂಡಿತು. ಆ ಮೆಷಿನ್ನಿಗೆ ಕೈಗೆ ಅಡ್ಡವಾಗಿ ಇರಬೇಕಾದ ಜಾಲರಿಯನ್ನು, ಕೆಲಸ ನಿಧಾನವಾಗುತ್ತದೆಂದು, ಬಿಚ್ಚಿಟ್ಟಿದ್ದರು. ಅದು ಶೆಡ್ಡಿನವರಿಗೆಲ್ಲ ಗೊತ್ತಿತ್ತು. ಆದರೂ ಊರಲ್ಲಿ ಮಾತು ಬೇರೆಯೇ ಹುಟ್ಟಿತು. ಯಾರೂ ನಮ್ಮ ಮನೆಗೆ ಬಂದು ಹೇಳಲಿಲ್ಲ. ಬಾವಿಯ ಹತ್ತಿರ ದೊಡ್ಡಮ್ಮ ಹೋದರೆ ಮಾತು ನಿಲ್ಲುತ್ತಿತ್ತು, ಅಷ್ಟೇ. ಬೆಳಿಗ್ಗೆ ಕೆಲಸಕ್ಕೆ ಹೊರಟವರು ನಮ್ಮ ಜಗುಲಿಯ ಮುಂದಿನ ದಾರಿ ಬಿಟ್ಟು ಹೊಲದ ಬದುವಿನ ಮೇಲೆ ಸುತ್ತಿ ಹೋಗತೊಡಗಿದರು. ಜಗುಲಿಯ ಮೇಲೆ ಬಟ್ಟೆ ಆರಿಸುತ್ತಾ ಕೂತ ನಮಗೆ ಬದುವಿನುದ್ದಕ್ಕೂ ಸಾಲಾಗಿ ಸಾಗುವ ತಲೆಗಳು ಕಾಣುತ್ತಿದ್ದವು, ಈ ಕಡೆಗೆ ಒಂದೂ ತಿರುಗುತ್ತಿರಲಿಲ್ಲ.

ಆಗ ಚಿಕ್ಕಪ್ಪ ಮುಂದೆ ಬಂದ. ಅವನ ಮೇಲೆ ನನಗೆ ಇವತ್ತಿಗೂ ಸಿಟ್ಟು ಬರುವುದಿಲ್ಲ. ದೊಡ್ಡಮ್ಮನೇ ಎತ್ತಿ ಆಡಿಸಿ ಬೆಳೆಸಿದ ಹುಡುಗ ಅವನು, ಅವಳಿಗೆ ಒಂದು ಮಾತು ಬಿದ್ದರೆ ಸಹಿಸುತ್ತಿರಲಿಲ್ಲ. 'ಅತ್ಗೆ, ನೀವ್ಯಾಕೆ ಆ ಜನದ ಮುಂದೆ ಓಗಿ ಅನ್ನಿಸ್ಕೋಬೇಕು? ನೀವು ನೆರಳಲ್ಲಿ ಕೂತ್ಕೊಂಡು ಬಟ್ಟೆ ನೋಡ್ಕೊಳ್ಳಿ. ಆಚೇದೆಲ್ಲ ನಾನು ನೋಡ್ಕೋತೀನಿ' ಅಂದ. ನಮ್ಮವ್ವ ಕಣ್ಣೊರೆಸಿಕೊಂಡಳು. ನಮ್ಮಪ್ಪ ತಮ್ಮನ ಬೆನ್ನು ತಟ್ಟಿದ. ದೊಡ್ಡಮ್ಮ ಸ್ವಲ್ಪ ಹೊತ್ತು ಕೈಯಲ್ಲಿದ್ದ ತುಂಡನ್ನು ಕೆನ್ನೆಗೆ ಒತ್ತಿಕೊಂಡೇ ಕೂತಿದ್ದು, 'ಆಗ್ಲಿ ಕಣಪ್ಪ' ಅಂದಳು. ಚಿಕ್ಕಪ್ಪ ಸೈಕಲ್ಲಿಗೆ ದೊಡ್ಡ ಕ್ಯಾರಿಯರ್ ಹಾಕಿಸಿದ. ಅವಳು ನಡೆಯಲಾಗದಷ್ಟು ದೂರದ ಶೆಡ್ಡುಗಳಿಗೂ ಬಟ್ಟೆ ಹೋಯಿತು. ಜಗುಲಿಗೆ ಇನ್ನಷ್ಟು ಹೆಂಗಸರು ಬಂದರು. ಮನೆಗೆ ಕರೆಂಟು ಬಂತು. ಎಲ್ಲರಿಗೂ ಸಂತೋಷ, ನನಗೂ ಹೊಸ ಲಂಗ. ಅಷ್ಟು ಚೆನ್ನಾಗಿ ನಡೆಯುತ್ತಿತ್ತು.

ಅವಳು ಮಾತ್ರ ಸೈಕಲ್ಲಿನ ಗಂಟೆ ಕೇಳಿದ ಕೂಡಲೇ ಎದ್ದು ಬಂದು ಕೇಳುತ್ತಿದ್ದಳು: 'ಪಾಲಿಶ್ನೋರು ಏನಂದ್ರು?' ಚಿಕ್ಕಪ್ಪ ಸೈಕಲ್ಲು ನಿಲ್ಲಿಸುತ್ತಾ, 'ಏನೂ ಅನ್ನಲಿಲ್ಲ ಅತ್ಗೆ, ಚೆನ್ನಾಗೈತೆ ಅಂದ್ರು.' ಮರುವಾರವೂ ಚೆನ್ನಾಗೈತೆ. ಮಳೆಗಾಲ ಕಳೆದರೂ ಚೆನ್ನಾಗೈತೆ. ಅವಳು ನಮ್ಮವ್ವನ ಹತ್ತಿರ, 'ಇಷ್ಟು ದಿನದಲ್ಲಿ ಒಬ್ಬನೂ ಬೈಲಿಲ್ವಲ್ಲೇ, ಇದೇನೋ ಸರಿ ಇಲ್ಲ' ಅಂದರೆ, ಅವ್ವ 'ಬೈಸ್ಕೊಳ್ಳೋಕೂ ಅರ್ಕೆ ಒತ್ಕೊಂಡಿದೀಯಾ ಅಕ್ಕ?' ಎಂದು ನಗುತ್ತಿದ್ದಳು. ಆ ಹೊತ್ತಿಗೆ ಪೇಟೆಯಿಂದ ಬರುವ ತುಂಡುಗಳೇ ಬದಲಾಗಿದ್ದವು. ನೂಲಿನ ಜೊತೆ ನೈಲಾನು ಬೆರೆಸಿ ನೇಯ್ದ ಹೊಸ ಬಟ್ಟೆ. ಕೆನ್ನೆಗೆ ತಣ್ಣಗೇ ಇರುತ್ತಿತ್ತು, ಎಣ್ಣೆ ಮಾತ್ರ ಕುಡಿಯುತ್ತಿರಲಿಲ್ಲ. ಅವಳ ಕೆನ್ನೆಗೆ ಅದು ಗೊತ್ತಾಗುವ ಹಾಗಿರಲಿಲ್ಲ. ಒರೆಸಿದವರಿಗೆ ಗೊತ್ತಿತ್ತು. ಅವರು ಹೇಳಿಯೂ ಇದ್ದರು, ಚಿಕ್ಕಪ್ಪನಿಗೆ. ಒಂದೊಂದು ಶೆಡ್ಡಾಗಿ ಬಟ್ಟೆ ಬೇಡವೆಂದಿತು. ಚಿಕ್ಕಪ್ಪ ಬೆಳಿಗ್ಗೆ ಕಟ್ಟು ಹೇರಿಕೊಂಡು ಹೋಗಿ, ಬೇರೆ ಕಡೆ ಕೊಡುತ್ತೇನೆಂದು ಸುತ್ತಿ ಸುತ್ತಿ, ಸಂಜೆ ಖಾಲಿ ಸೈಕಲ್ಲಿನಲ್ಲಿ ಬರುತ್ತಿದ್ದ, ದುಡ್ಡು ಆಮೇಲೆ ಕೊಡ್ತಾರಂತೆ ಅನ್ನುತ್ತಿದ್ದ. ಎಲ್ಲಿ ಇಳಿಸಿ ಬರುತ್ತಿದ್ದನೋ ಆಗ ನಮಗೆ ತಿಳಿಯಲಿಲ್ಲ. ಯಾವುದೋ ಗೆಳೆಯನ ಕೊಟ್ಟಿಗೆಯಲ್ಲಿ ಕಟ್ಟುಗಳೆಲ್ಲ ಸೂರಿನ ತನಕ ಪೇರಿಕೊಂಡಿದ್ದವಂತೆ.

ಒಂದು ದಿನ ಮಧ್ಯಾಹ್ನ ದೊಡ್ಡಮ್ಮ ಕೈ ತೊಳೆದು, ಸೀರೆಯ ಸೆರಗು ತಲೆಗೆ ಹೊದ್ದು, 'ಬಾರೇ' ಎಂದು ನನ್ನನ್ನು ಕರೆದುಕೊಂಡು ನೇರ ಪಾಲಿಶ್ ಶೆಡ್ಡಿಗೆ ಹೋದಳು. ಮೇಸ್ತ್ರಿ ಕೈಯಲ್ಲಿದ್ದ ಕೆಲಸ ಬಿಟ್ಟು ನೋಡುತ್ತಾ ನಿಂತ.

'ಬದುಕಿದ್ದೀಯಾ ಗಂಗಮ್ಮ! ನೀನು ಕೆಲಸ ಬಿಟ್ಬಿಟ್ಟೆ ಅಂದ್ಕೊಂಡ್ವಲ್ಲ. ನಿನ್ನ ಕೈಲಿ ಇಂಥಾ ಬಟ್ಟೆ ಬರಲ್ಲ ಅಂತ ನಮ್ಮ ಉಡುಗ್ರೆಲ್ಲ ಆಡ್ಕೊಂಡ್ರು. ನಿನ್ನ ಮೈದುನನಿಗೆ ಎಷ್ಟು ಸಲ ಬಾಯ್ ಬಡ್ಕೊಂಡೆ. ಅವನು ಊಂ ಅಂತಾನೆ, ಮತ್ತೆ ಅದೇ ತತ್ತಾನೆ. ಬಿಟ್ಬಿಟ್ವಿ.'

'ಈಗ ಸರಿ ಮಾಡ್ಕೊಟ್ರೆ?'

ಮೇಸ್ತ್ರಿ ತಲೆ ಕೆರೆದುಕೊಂಡ. ಬಾಗಿಲ ಪಕ್ಕದಲ್ಲಿ ಬೇರೆಯವರ ಬಟ್ಟೆಯ ಕಟ್ಟುಗಳಿದ್ದವು, ಮಿಲ್ಲಿನಿಂದ ಬಂದದ್ದು, ಬಿಳಿ. 'ಈಗ ಬೇರೆಯೋರಿಗೆ ಮಾತು ಕೊಟ್ಟಾಯ್ತಲ್ಲಮ್ಮ. ಒಂದು ಸಲ, ನೀನೇ ಬಂದು ಮುಖ ತೋರ್ಸಿದ್ರೆ ಆಯ್ತಿತ್ತು.'

ಸಂಜೆ ಅವಳು ಚಿಕ್ಕಪ್ಪನಿಗೆ ಜಗುಲಿಯ ಮೇಲೆಯೇ ಕಾದು ಕೂತಳು. ಅವನು ಸೈಕಲ್ಲು ನಿಲ್ಲಿಸಿ ಅವಳ ಮುಖ ನೋಡಿದವನೇ ತಲೆ ತಗ್ಗಿಸಿದ. 'ಯಾಕೋ ರೇವಣ್ಣ ನನಗೆ ಏಳ್ಲಿಲ್ಲ?' ಅವನು ಅಳುವುದಕ್ಕೇ ಶುರುಮಾಡಿದ, ಅಷ್ಟು ದೊಡ್ಡ ಗಂಡಸು. 'ನಿಮ್ಮ ಮನಸ್ಸಿಗೆ ಬೇಜಾರಾಯ್ತದೆ ಅಂತ ಅತ್ಗೆ. ಮೊದಲೇ ಆ ಪೂಜೆ ದಿನ ಅಷ್ಟು ನೊಂದ್ಕೊಂಡಿದ್ರಿ.' ಅವಳು ಮಗುವಿಗೆ ಹೇಳುವ ಹಾಗೆ, ಮೆಲ್ಲಗೆ ಕೇಳಿದಳು: 'ಬೇಜಾರು ನಂದಲ್ವೇನೋ? ಅದನ್ನೂ ನೀನೇ ಇಟ್ಕೊಂಡ್ಯಾ?'

ಅದಾದ ಮೇಲೆ ಜಗುಲಿಯ ಹೆಂಗಸರು ಒಬ್ಬೊಬ್ಬರೇ ಬರುವುದು ನಿಲ್ಲಿಸಿದರು. ಚಿಕ್ಕಪ್ಪ ಒಂದು ಕಾರ್ಖಾನೆಯ ಗೇಟಿನಲ್ಲಿ ಕಾವಲು ಕೆಲಸಕ್ಕೆ ಸೇರಿದ. ರಾಗಿ ಹೊಲ ಹೋಯಿತು, ಹೊಂಗೆಮರ ಹೋಯಿತು. ದೊಡ್ಡಮ್ಮ ಮಾತ್ರ ಉಳಿದ ಮೂಟೆಗಳನ್ನು ಬಿಚ್ಚಿ ದಿನವೂ ಆರಿಸುತ್ತಿದ್ದಳು. ಯಾರಿಗೂ ಬೇಡದ ಬಟ್ಟೆ. ಆರಿಸಿದ್ದನ್ನೇ ಕಲಸಿ ಮತ್ತೆ ಆರಿಸುವಳು. ಪ್ರೆಸ್ಸಿನ ಸದ್ದು ನಿಂತ ಘಳಿಗೆಯಲ್ಲಿ ಅವಳ ಕೈಯಡಿಯಲ್ಲಿ ಬಟ್ಟೆ ಸರಿಯುವ ಸಣ್ಣ ಸದ್ದು ಒಳಗಿನ ಕೋಣೆಯ ತನಕ ಕೇಳಿಸುತ್ತಿತ್ತು. ನಾನು ಮದುವೆಯಾಗಿ ಹೋದ ಮೇಲೆ ಅವಳು ತೀರಿಕೊಂಡಳು. ಮನೆ ಪಾಲಾಯಿತು, ಬಿತ್ತು. ಈಗ ಅಲ್ಲಿ ಮಹಡಿಯ ಮೇಲೆ ಮಹಡಿ, ಸಣ್ಣ ಸಣ್ಣ ಬಾಡಿಗೆ ರೂಮುಗಳು; ರಾಯಚೂರು, ಯಾದಗಿರಿ ಕಡೆಯಿಂದ ಕೆಲಸಕ್ಕೆ ಬಂದವರು ಇದ್ದಾರೆ. ಆ ನೆಲದಲ್ಲಿ ಒಬ್ಬ ಹೆಂಗಸು ಅಷ್ಟು ಜನಕ್ಕೆ ಕೆಲಸ ಕೊಟ್ಟಿದ್ದಳೆಂದು ಅವರಿಗೆ ಯಾರು ಹೇಳಬೇಕು? ನಿಮ್ಮ ಮನೆಯಲ್ಲೂ ಇಂಥವಳೊಬ್ಬಳು ಇದ್ದಿರಬಹುದು. ಹಪ್ಪಳವೋ, ಹೊಲಿಗೆಯೋ, ಹಾಲೋ. ಅವಳ ಕೆಲಸ ಕೆಡಿಸಿದವರು ಕೆಟ್ಟವರೇ ಆಗಿದ್ದರೆ ನೆನೆಸಿಕೊಂಡು ಬೈಯುವುದಾದರೂ ಸುಲಭವಾಗುತ್ತಿತ್ತು.

ಇನ್ನು ಈ ಸಂಜೆಯ ಮಾತು. ನಮ್ಮ ಮಗನ ಮನೆಯಲ್ಲಿ ಎಲ್ಲರೂ ನಡುಮನೆಯಲ್ಲಿ ಎಲೆ ಹಾಕಿಕೊಂಡು ಕೂತೆವು. ಬೀಗಿತ್ತಿಯವರು, ಹರೀಶ, ನನ್ನ ಮಗ ಸೊಸೆ, ಪವಿತ್ರ, ನಾನು. ಬಿಸಿ ಒಬ್ಬಟ್ಟು, ತುಪ್ಪ, ಒಬ್ಬಟ್ಟಿನ ಸಾರು. ಬೀಗಿತ್ತಿ ಸೊಸೆಯ ಎಲೆಗೆ ತಾವೇ ಬಡಿಸುತ್ತಾ 'ಇಬ್ಬರಿಗೆ ತಿನ್ನಬೇಕು ನೀನು' ಅನ್ನುತ್ತಿದ್ದರು. ಅಷ್ಟರಲ್ಲಿ ಪವಿತ್ರಳ ಫೋನು ಬಡಿದುಕೊಂಡಿತು. ಅವಳ ಕೈಯೆಲ್ಲ ತುಪ್ಪ. ಹರೀಶ ಎಡಗೈಯಲ್ಲಿ ಎತ್ತಿಕೊಂಡ. 'ಹ್ಞಾಂ ಸಾರ್, ನಾನು ಅವರ ಹಸ್ಬೆಂಡ್... ಹೌದಾ ಸಾರ್... ಇಲ್ಲ ಇಲ್ಲ, ನನ್ನ ಹತ್ರಾನೇ ಹೇಳಿ.' ಅವನ ಮುಖ ಸಣ್ಣಗಾಯಿತು. ಎದ್ದು ಬಾಲ್ಕನಿಯ ಕಡೆ ಹೊರಟ.

'ಯಾರ್ರೀ ಅದು?' ಪವಿತ್ರ ಕೇಳಿದಳು.

'ಏನಿಲ್ಲ, ನೀನು ಊಟ ಮಾಡು.'

ನನ್ನ ಕೈ ಎಲೆಯ ಮೇಲೆಯೇ ನಿಂತಿತು.

'ಏನಂತಪ್ಪ ಅವರು?' ಅಂದೆ.

ಅವನು ಫೋನಿಗೆ ಅಂಗೈ ಮುಚ್ಚಿದ. 'ನಿನ್ನೆ ಕಳ್ಸಿದ ಬಟ್ಟೆ ನೂಲು ಬಿಡ್ತಿದ್ಯಂತೆ ಅಜ್ಜಿ, ಸಿಕ್ಕಾಪಟ್ಟೆ ರೇಗ್ತಿದಾನೆ. ಒಳ್ಳೆ ದಿನ, ಊಟದ ಹೊತ್ನಲ್ಲಿ ಇವಳಿಗ್ಯಾಕೆ ಟೆನ್ಷನ್ನು ಅಂತ.'

'ಅವಳಿಗೆ ಕೊಡಪ್ಪ ಫೋನು.'

'ಈ ಸ್ಥಿತೀಲಿ ಬೈಗುಳ ಕೇಳ್ಬೇಕಾ ಅವಳು?' ಬೀಗಿತ್ತಿ ಅಂದರು. ಅವರ ದನಿಯಲ್ಲಿ ಬರಿಯ ಅಕ್ಕರೆಯೇ ಇತ್ತು.

'ಬೈಗುಳ ಅವಳ ಬಟ್ಟೆಗೆ ಬಂದದ್ದು ತಾಯಿ. ಅವಳ ಕಿವಿಗೇ ಬೀಳ್ಲಿ. ಕೊಡೋ ಹರೀಶ, ಎಂಜಲು ಕೈಯಾದ್ರೂ ಚಿಂತೆಯಿಲ್ಲ.'

ಹರೀಶ ನನ್ನನ್ನೇ ನೋಡಿದ, ಆಮೇಲೆ ಹೆಂಡತಿಯನ್ನು. ಅವಳು ಆಗಲೇ ಎಡಗೈ ಚಾಚಿದ್ದಳು. ಫೋನನ್ನು ಕಿವಿಗೂ ಹೆಗಲಿಗೂ ನಡುವೆ ಸಿಕ್ಕಿಸಿಕೊಂಡು, 'ಹೇಳಿ ಸಾರ್, ಪವಿತ್ರ ಮಾತಾಡ್ತಿದೀನಿ. ಯಾವ ಕಟ್ಟು ಸಾರ್? ಬನಿಯನ್ ಬಟ್ಟೇದಾ, ತುಂಡು ಅಂಚಿನದಾ?' ಅಂದಳು. ಆಚೆಯವನು ಕಿರುಚುತ್ತಿದ್ದುದು ನಮಗೆಲ್ಲ ಕೇಳಿಸುತ್ತಿತ್ತು. ಅವಳು ಒಂದೊಂದನ್ನೂ ತಡೆದು, ತಿರುಗಿಸಿ ಕೇಳಿ, ಹೂಂಗುಟ್ಟಿದಳು. ಹರೀಶ ಬಂದು ತನ್ನ ಎಲೆಯ ಮುಂದೆ ಕೂತ. ಅವನ ಕಣ್ಣು ಮಾತ್ರ ಫೋನಿನ ಮೇಲೆಯೇ ಇತ್ತು. ನಾನೂ ಅವನ ಕಣ್ಣನ್ನೇ ನೋಡುತ್ತಿದ್ದೆ. ನನ್ನಿಂದ ಎಷ್ಟು ದಿನ ಹೀಗೆ ಎದುರಿಗೆ ಕೂತು ನೋಡಲಿಕ್ಕಾದೀತು?

ಬೀಗಿತ್ತಿ ಸುಮ್ಮನೆ ಇನ್ನೊಂದು ಒಬ್ಬಟ್ಟನ್ನು ಅವಳ ಎಲೆಗೆ ಹಾಕಿ ತುಪ್ಪ ಸುರಿದರು. ಅವಳು ಬೈಸಿಕೊಳ್ಳುತ್ತಲೇ ಅದನ್ನು ಮುರಿದು ಬಾಯಿಗಿಟ್ಟಳು. ನಾವೂ ತಿನ್ನತೊಡಗಿದೆವು, ಎಲ್ಲರೂ, ಆ ಗುರುತಿಲ್ಲದವನ ಸಿಟ್ಟನ್ನು ಕೇಳುತ್ತಾ. ನಮ್ಮ ದೊಡ್ಡಮ್ಮ ಕೊನೆಯ ದಿನಗಳಲ್ಲಿ ಒಬ್ಬಳೇ ಉಣ್ಣುತ್ತಿದ್ದಳು. ಅವಳ ಎಲೆಯ ಹತ್ತಿರಕ್ಕೆ ಯಾರ ಬೈಗುಳವೂ ಬರುತ್ತಿರಲಿಲ್ಲ.